ಎರಡೇ ವರ್ಷಕ್ಕೆ ಸೋತ ಫ್ಯೂಯಲ್ ಪಂಪ್: ಘಾಟಿಯಲ್ಲಿ ನಿಲ್ಲುತ್ತಿದ್ದ ಹಳೇ ಕಾರಿನ ಪ್ರಕರಣ

ಕಾರು 2004ರ ಮಾಡೆಲ್. ಸಣ್ಣ ಹ್ಯಾಚ್‌ಬ್ಯಾಕ್, ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್, ಎಂಪಿಎಫ್‌ಐ, ಅಂದರೆ ಪ್ರತಿ ಸಿಲಿಂಡರಿಗೂ ಬೇರೆ ಇಂಜೆಕ್ಟರಿನಿಂದ ಪೆಟ್ರೋಲ್ ಹೋಗುವ ವ್ಯವಸ್ಥೆ. ಓಡಿದ್ದು 1 ಲಕ್ಷ 30 ಸಾವಿರ ಕಿಲೋಮೀಟರ್ ಚಿಲ್ಲರೆ. ಮಾಲೀಕರು ನಿವೃತ್ತ ಮೇಷ್ಟ್ರು, ತೀರ್ಥಹಳ್ಳಿ ಸೀಮೆಯವರು. ಅವರ ಗುರುತು ಸಿಗದಿರಲಿ ಅಂತ ಒಂದೆರಡು ವಿವರ ಬದಲಿಸಿದ್ದೇನೆ. ಕಾರಿನ ಕಂಪನಿ ಹೆಸರನ್ನೂ ಬಿಟ್ಟಿದ್ದೇನೆ. ಆ ಕಾಲದ ಬಹಳಷ್ಟು ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಪೆಟ್ರೋಲ್ ಲೈನ್ ಹೆಚ್ಚುಕಮ್ಮಿ ಹೀಗೇ ಇರುತ್ತದೆ, ಹೆಸರಿನಿಂದ ಆಗಬೇಕಾದ್ದೇನೂ ಇಲ್ಲ.

ಗಾಡಿಯನ್ನು ಮೇಷ್ಟ್ರು ಚೆನ್ನಾಗಿಯೇ ಇಟ್ಟುಕೊಂಡಿದ್ದರು. ಹದಿನೈದು ವರ್ಷ ಕಳೆದ ಮೇಲೆ ಆರ್‌ಸಿ ರಿನ್ಯೂ ಮಾಡಿಸಿದ್ದರು. ಮಾರುವ ಮನಸ್ಸಿಲ್ಲ. ಮಗಳ ಮನೆ ಉಡುಪಿ ಕಡೆ, ಹಾಗಾಗಿ ಆಗುಂಬೆ ಘಾಟಿ ಇಳಿಯುವುದು ಹತ್ತುವುದು ಇದ್ದೇ ಇರುತ್ತದೆ. ಉಳಿದ ದಿನ ಗಾಡಿ ಅಂಗಳದ ಶೆಡ್ಡಿನಲ್ಲಿ ನಿಂತಿರುತ್ತದೆ. ಪೆಟ್ರೋಲ್ ಹಾಕಿಸುವುದು ಐನೂರು ರೂಪಾಯಿಗೆ. ಲೀಟರಿಗೆ ನೂರು ದಾಟಿದ ಮೇಲೆ ಐನೂರಕ್ಕೆ ಐದು ಲೀಟರೂ ಬರುವುದಿಲ್ಲ, ಅಲ್ವಾ? ಅಂದರೆ ಟ್ಯಾಂಕು ಸದಾ ಮುಕ್ಕಾಲು ಖಾಲಿ. ಈ ಒಂದು ಅಭ್ಯಾಸ ಇಡೀ ಕಥೆಯಲ್ಲಿ ಮತ್ತೆ ಮತ್ತೆ ಬರುತ್ತದೆ.

ಅವರ ದೂರು ಹೀಗಿತ್ತು: "ಊರೊಳಗೆ ಏನೂ ತೊಂದರೆ ಇಲ್ಲ ಕಣಪ್ಪಾ. ಘಾಟಿ ಹತ್ತುವಾಗ ಮಾತ್ರ ಕೈ ಕೊಡುತ್ತೆ. ಮೊದಲು ಎಳೆಯೋದು ಕಡಿಮೆ ಆಗುತ್ತೆ, ಆಮೇಲೆ ಜಗ್ಗುತ್ತೆ, ಆಮೇಲೆ ನಿಂತೇ ಹೋಗುತ್ತೆ. ಅರ್ಧ ಗಂಟೆ ಬಿಟ್ಟು ಕೀ ತಿರುಗಿಸಿದರೆ ಏನೂ ಆಗೇ ಇಲ್ಲ ಅನ್ನೋ ಹಾಗೆ ಸ್ಟಾರ್ಟ್ ಆಗುತ್ತೆ."

ಏಪ್ರಿಲ್ ತಿಂಗಳು. ಕರಾವಳಿಯ ಬಿಸಿಲಿನಲ್ಲಿ ಓಡಿ ಬಂದು ಸೋಮೇಶ್ವರದಿಂದ ಹತ್ತಲು ಶುರು ಮಾಡಿದರೆ ಹದಿನಾಲ್ಕು ಹೇರ್‌ಪಿನ್ ತಿರುವು. ಅಲ್ಲಿ ಗಾಡಿ ನಿಂತರೆ ಹಿಂದಿನಿಂದ ಬರುವ ಬಸ್ಸಿನವರ ಬೈಗುಳ ಬೇರೆ.

ಬರುವಷ್ಟರಲ್ಲೇ ಆಗಿದ್ದ ಖರ್ಚು

ನಮ್ಮ ಗ್ಯಾರೇಜಿಗೆ ಬರುವ ಮುಂಚೆ ಬೇರೆ ಕಡೆ ಪ್ಲಗ್, ಏರ್ ಫಿಲ್ಟರ್, ಇಗ್ನಿಷನ್ ಕಾಯಿಲ್ ಬದಲಾಗಿದ್ದವು. ಥ್ರಾಟಲ್ ಬಾಡಿ ತೊಳೆದಿದ್ದರು. ಪ್ರತಿ ಸಲ ಊರೊಳಗೆ ಓಡಿಸಿ ನೋಡಿ 'ಸರಿ ಆಯಿತು' ಅಂದಿದ್ದರು, ಪ್ರತಿ ಸಲ ಘಾಟಿಯಲ್ಲಿ ನಿಂತಿತ್ತು. ಅವರನ್ನು ದೂರುವ ಹಾಗಿಲ್ಲ. ಕಾಯಿಲ್ ಬಿಸಿಯಾದಾಗ ಕೈ ಕೊಡುವುದು ನಿಜವಾದ ಕಾಯಿಲೆಯೇ. ಅವರು ಹಾಕಿದ ಭಾಗಗಳೂ ಒಳ್ಳೆಯವೇ ಆಗಿದ್ದವು. ಆದರೆ ಗಾಡಿ ಎಲ್ಲಿ ಕೆಡುತ್ತದೋ ಅಲ್ಲಿ ಯಾರೂ ನೋಡಿರಲಿಲ್ಲ.

ಸ್ಕ್ಯಾನರ್ ಹಾಕಿದ್ದರು, ದೋಷದ ಕೋಡ್ ಬಂದಿರಲಿಲ್ಲ. ಇದು ಜನರಿಗೆ ಆಶ್ಚರ್ಯ ಅನಿಸುತ್ತದೆ. ಇಂಥ ಕಾರಿನ ಇಸಿಎಂಗೆ, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರಿಗೆ, ಪೆಟ್ರೋಲಿನ ಒತ್ತಡ ಎಷ್ಟಿದೆ ಎಂದು ಗೊತ್ತೇ ಇಲ್ಲ. ಅಳೆಯುವ ಸೆನ್ಸರೇ ಇಲ್ಲ. ನಮ್ಮಲ್ಲಿ ಹೊಸ ಕಾರುಗಳಿಗೆ ಓಬಿಡಿ, ಅಂದರೆ ಗಾಡಿ ತನ್ನ ಕಾಯಿಲೆ ತಾನೇ ಗುರುತಿಸುವ ವ್ಯವಸ್ಥೆ, ಕಡ್ಡಾಯ ಮಾಡಲು ಶುರುವಾಗಿದ್ದೇ 2010ರಲ್ಲಿ. ಅದಕ್ಕೂ ಹಳೆಯ ಗಾಡಿಯಲ್ಲಿ ಕೋಡ್ ಇಲ್ಲ ಎಂದರೆ ಕಾಯಿಲೆ ಇಲ್ಲ ಎಂದಲ್ಲ.

ಟ್ಯಾಂಕಿನಿಂದ ಎಂಜಿನ್ನಿಗೆ ಪೆಟ್ರೋಲ್ ತಳ್ಳುವ ಪಂಪ್ ಬಗ್ಗೆ ಯಾರೂ ಯೋಚಿಸಿರಲಿಲ್ಲವಾ? ಯೋಚಿಸಿದ್ದರು. ಆದರೆ ಎರಡು ಕಾರಣ ಕೊಟ್ಟು ಬಿಟ್ಟಿದ್ದರು. ಒಂದು, ಕೀ ಆನ್ ಮಾಡಿದಾಗ ಹಿಂದಿನ ಸೀಟಿನ ಕೆಳಗೆ 'ಝುಂಯ್' ಅಂತ ಸದ್ದು ಬರುತ್ತಿತ್ತು. ಪಂಪ್ ತಿರುಗುತ್ತಿದೆ ಅಂದಮೇಲೆ ಚೆನ್ನಾಗಿದೆ ಅನ್ನುವ ಲೆಕ್ಕ. ಎರಡನೆಯದು, ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಒಂದು ಹಳೇ ಬಿಲ್ ಇತ್ತು. ಸುಮಾರು ಎರಡು ವರ್ಷದ ಹಿಂದೆ ಪಂಪ್ ಬದಲಾಯಿಸಿದ ಬಿಲ್. 'ಹೊಸಾ ಪಂಪ್ ಇದೆ, ಅದಾಗಿರಲ್ಲ' ಎಂದು ಎಲ್ಲರೂ ಮುಂದೆ ಹೋಗಿದ್ದರು.

ನನಗೆ ಆ ಬಿಲ್ ನೋಡಿದ ಮೇಲೆಯೇ ಅನುಮಾನ ಗಟ್ಟಿಯಾಯಿತು. ಒಳ್ಳೆಯ ಪಂಪ್ ಒಂದು ಲಕ್ಷ ಕಿಲೋಮೀಟರ್ ದಾಟುವುದು ದೊಡ್ಡ ವಿಷಯವಲ್ಲ. ಈ ಗಾಡಿಯ ಮೊದಲ ಪಂಪೂ ಅಷ್ಟು ಓಡಿತ್ತು. ಎರಡನೆಯದು ಎರಡೇ ವರ್ಷಕ್ಕೆ ಸೋತಿದ್ದರೆ ಅದನ್ನು ತಿನ್ನುತ್ತಿರುವುದು ಇನ್ನೇನೋ ಇರಬೇಕು. ಆದ್ದರಿಂದ ಪಂಪ್ ಹೋಗಿದೆಯಾ ಅನ್ನುವುದರ ಜೊತೆಗೆ, ಹೋಗಿದ್ದರೆ ಯಾಕೆ ಹೋಯಿತು ಅನ್ನುವುದನ್ನೂ ಹುಡುಕಬೇಕಿತ್ತು.

ಇನ್ನೊಂದು ಸುಳಿವು ಮೇಷ್ಟ್ರ ಬಾಯಿಂದಲೇ ಬಂತು. ಬೆಳಿಗ್ಗೆ ಸ್ಟಾರ್ಟ್ ಹೇಗಿದೆ ಎಂದು ಕೇಳಿದೆ. "ಕೀ ಎರಡು ಸಲ ಆನ್ ಆಫ್ ಮಾಡಿ ಆಮೇಲೆ ಸೆಲ್ಫ್ ಹೊಡೀತೀನಿ, ಹಾಗೆ ಮಾಡಿದರೆ ಬೇಗ ಹತ್ತುತ್ತೆ" ಅಂದರು. ಅವರಿಗೆ ಅದು ರೂಢಿ. ಕೀ ಆನ್ ಮಾಡಿದ ಕೂಡಲೇ ಪಂಪ್ ಎರಡು ಸೆಕೆಂಡಿನಷ್ಟು ತಿರುಗಿ ಲೈನಿನಲ್ಲಿ ಒತ್ತಡ ತುಂಬಿ ನಿಲ್ಲುತ್ತದೆ. ರಾತ್ರಿಯಿಡೀ ಗಾಡಿ ನಿಂತರೂ ಪೆಟ್ರೋಲ್ ಹಿಂದಕ್ಕೆ ಓಡದ ಹಾಗೆ ಪಂಪಿನ ಬಾಯಲ್ಲಿ ಒಂದು ಸಣ್ಣ ವಾಲ್ವ್ ಇದೆ. ಅದು ಸೋರಿದರೆ ಲೈನ್ ಖಾಲಿಯಾಗುತ್ತದೆ, ಒಂದು ಸಲದ ತುಂಬುವಿಕೆ ಸಾಲುವುದಿಲ್ಲ. ಎರಡು ಸಲ ಕೀ ತಿರುಗಿಸುವ ಅಭ್ಯಾಸ ಮಾಲೀಕರು ತಮಗೇ ಗೊತ್ತಿಲ್ಲದೆ ಕಂಡುಕೊಂಡ ಪರಿಹಾರ. ಇಂಜೆಕ್ಟರ್ ಅಥವಾ ಒತ್ತಡವನ್ನು ಹತೋಟಿಯಲ್ಲಿಡುವ ರೆಗ್ಯುಲೇಟರ್ ಸೋರಿದರೂ ಹೀಗಾಗಬಹುದು, ಆದ್ದರಿಂದ ಇದೊಂದೇ ಸಾಕ್ಷಿ ಸಾಲದು.

ಘಾಟಿಯಲ್ಲಿ ಗೇಜ್

ಗ್ಯಾರೇಜಿನಲ್ಲಿ ನಿಲ್ಲಿಸಿ ಒತ್ತಡ ನೋಡಿದೆವು. ಪೆಟ್ರೋಲ್ ಫಿಲ್ಟರಿನಿಂದ ರೈಲಿಗೆ (ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚುವ ಕೊಳವೆ) ಹೋಗುವ ಲೈನಿನಲ್ಲಿ T ಆಕಾರದ ಜೋಡಣೆ ಹಾಕಿ ಗೇಜ್ ಜೋಡಿಸಿದೆವು. ಕೀ ಆನ್, ಎಂಜಿನ್ ಆಫ್: 2.9 ಕೆಜಿ (ಚದರ ಸೆಂಟಿಮೀಟರಿಗೆ). ಎಂಜಿನ್ ಐಡ್ಲಿಂಗ್‌ನಲ್ಲಿ: 2.3. ಎರಡೂ ಸರಿ. ಇಂಥ ಹಳೇ ಗಾಡಿಗಳಲ್ಲಿ ರೈಲಿನ ಮೇಲೆ ರೆಗ್ಯುಲೇಟರ್ ಇರುತ್ತದೆ. ಬೇಡದ ಪೆಟ್ರೋಲನ್ನು ಅದು ರಿಟರ್ನ್ ಪೈಪಿನಲ್ಲಿ ಟ್ಯಾಂಕಿಗೆ ವಾಪಸ್ ಕಳಿಸುತ್ತದೆ. ಐಡ್ಲಿಂಗ್‌ನಲ್ಲಿ ಎಂಜಿನ್ನಿಗೆ ಗಾಳಿ ಒಯ್ಯುವ ಮ್ಯಾನಿಫೋಲ್ಡಿನ ವ್ಯಾಕ್ಯೂಮ್ ಎಳೆಯುವುದರಿಂದ ಒತ್ತಡ ಸ್ವಲ್ಪ ಇಳಿದಿರುತ್ತದೆ. ಆಕ್ಸಿಲರೇಟರ್ ತುಳಿದರೆ ವ್ಯಾಕ್ಯೂಮ್ ಹೋಗಿ ಒತ್ತಡ ಏರುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ: ತುಳಿದಾಗ ಮುಳ್ಳು ಏರಬೇಕು.

ಇಲ್ಲಿ ನಿಲ್ಲಿಸಿದ್ದರೆ ನಾವೂ 'ಪಂಪ್ ಸರಿ ಇದೆ' ಅಂತಲೇ ಬರೆಯಬೇಕಿತ್ತು. ಐಡ್ಲಿಂಗ್‌ನಲ್ಲಿ ಎಂಜಿನ್ ಕುಡಿಯುವ ಪೆಟ್ರೋಲ್ ತೀರಾ ಕಡಿಮೆ. ಅರ್ಧ ಜೀವದ ಪಂಪೂ ಅಷ್ಟನ್ನು ಕೊಡುತ್ತದೆ.

ಆದ್ದರಿಂದ ಗಾಡಿ ಎಲ್ಲಿ ನಿಲ್ಲುತ್ತದೋ ಅಲ್ಲಿಗೇ ಹೋಗುವುದೆಂದು ತೀರ್ಮಾನಿಸಿದೆವು. ಮೇಷ್ಟ್ರಿಗೆ ಇದು ಸ್ವಲ್ಪ ಅತಿ ಅನಿಸಿತು, ಅವತ್ತಿನ ಕೂಲಿಯೂ ಬೀಳುತ್ತದೆ. ಆದರೆ ಆಗಲೇ ಬದಲಾಗಿದ್ದ ಕಾಯಿಲ್ ದುಡ್ಡಿಗಿಂತ ಅದು ಕಡಿಮೆ ಎಂದು ಹೇಳಿದಾಗ ಒಪ್ಪಿದರು.

ಉದ್ದ ಹೋಸಿನ ಗೇಜನ್ನು ಬಾನೆಟ್ ಸಂದಿಯಿಂದ ಹೊರಗೆ ತಂದು ಎಡಗಡೆ ವೈಪರಿನ ಕೆಳಗೆ ಸಿಕ್ಕಿಸಿ, ಗಾಜಿಗೆ ಟೇಪ್ ಸುತ್ತಿದೆವು. ಮುಳ್ಳು ಒಳಗಿನಿಂದ ಕಾಣಬೇಕು, ಪೆಟ್ರೋಲ್ ಮಾತ್ರ ಹೊರಗೇ ಇರಬೇಕು. ಗೇಜನ್ನು ಕಾರಿನೊಳಗೆ ತರುವವರನ್ನು ನೋಡಿದ್ದೇನೆ, ದಯವಿಟ್ಟು ಬೇಡ. ಒಂದು ಕ್ಲಿಪ್ ಜಾರಿದರೆ ಮೂರು ಕೆಜಿ ಒತ್ತಡದ ಪೆಟ್ರೋಲ್ ತೊಡೆಯ ಮೇಲೆ. ಪಂಪಿಗೆ ವೈರ್ ಜೋಡಿಸುವ ಕಪ್ಲರಿನಿಂದ ಎರಡು ಸಣ್ಣ ವೈರ್ ಎಳೆದು ಮುಂದೆ ಮಲ್ಟಿಮೀಟರಿಗೆ ಕೊಟ್ಟೆವು. ಡ್ರೈವರ್ ರಸ್ತೆ ನೋಡಬೇಕು, ಪಕ್ಕ ಕೂತ ಗ್ಯಾರೇಜಿನ ಹುಡುಗ ಮುಳ್ಳನ್ನೂ ಮೀಟರನ್ನೂ ನೋಡಿ ಬರೆದುಕೊಳ್ಳಬೇಕು. ಕಾಲ ಬಳಿ ಡ್ರೈ ಪೌಡರ್ ಸಿಲಿಂಡರ್. ಟ್ಯಾಂಕಿನಲ್ಲಿ ಮೇಷ್ಟ್ರ ಲೆಕ್ಕದ ಪ್ರಕಾರವೇ ತಳದಲ್ಲಿ ಸ್ವಲ್ಪ ಪೆಟ್ರೋಲ್. ಫುಲ್ ಮಾಡಿಸಿ ಹೋಗಿದ್ದರೆ ಕಾಯಿಲೆ ಕಾಣುತ್ತಲೇ ಇರಲಿಲ್ಲವೇನೋ.

ಬಿಸಿಲಿನಲ್ಲಿ ಹೆಬ್ರಿ ಕಡೆ ಸುತ್ತಾಡಿ, ಮಧ್ಯಾಹ್ನ ಸೋಮೇಶ್ವರದಿಂದ ಹತ್ತಲು ಶುರು ಮಾಡಿದೆವು. ಮೊದಲ ತಿರುವುಗಳಲ್ಲಿ 2.8. ಸರಿ ಇದೆ. ಅರ್ಧ ಘಾಟಿಯ ಹೊತ್ತಿಗೆ 2.6. ಎರಡನೇ ಗೇರಿನಲ್ಲಿ ತುಳಿದರೆ ಏರಬೇಕಾದ ಮುಳ್ಳು ಇಳಿಯಿತು: 2.2. ಕಾಲು ಎತ್ತಿದರೆ ಮೇಲೆ, ತುಳಿದರೆ ಕೆಳಗೆ. 1.8ಕ್ಕೆ ಬಂದಾಗ ಜಗ್ಗಲು ಶುರುವಾಯಿತು. ಇನ್ನೊಂದು ತಿರುವು ದಾಟಿ ಅಗಲ ಜಾಗದಲ್ಲಿ ಗಾಡಿ ತಾನಾಗಿ ಆಫ್ ಆಯಿತು. ಮೇಷ್ಟ್ರು ಹೇಳಿದ್ದು ಅಕ್ಷರಶಃ ಹಾಗೇ.

ಚಕ್ರಕ್ಕೆ ಕಲ್ಲು ಕೊಟ್ಟು, ತಣ್ಣಗಾಗುವ ಮುಂಚೆ ಇನ್ನೊಂದು ಕೆಲಸ ಮಾಡಿದೆವು. ಸ್ಪಾರ್ಕ್ ಟೆಸ್ಟರ್ ಹಾಕಿ ಸೆಲ್ಫ್ ಹೊಡೆದರೆ ಬೆಳಕು ಚೆನ್ನಾಗಿ ಬಂತು. ಇದು ಯಾಕೆ ಮುಖ್ಯ ಎಂದರೆ, ಬಿಸಿಯಾದಾಗ ಗಾಡಿ ನಿಲ್ಲಿಸಿ ತಣ್ಣಗಾದ ಮೇಲೆ ಏನೂ ಆಗಿಲ್ಲದ ಹಾಗೆ ಸ್ಟಾರ್ಟ್ ಆಗುವ ಇನ್ನೊಬ್ಬ ಕಳ್ಳ ಇದ್ದಾನೆ, ಎಂಜಿನ್ ತಿರುಗುವುದನ್ನು ಇಸಿಎಂಗೆ ತಿಳಿಸುವ ಕ್ರ್ಯಾಂಕ್ ಸೆನ್ಸರ್. ಅದು ಹೋದರೆ ಸ್ಪಾರ್ಕೂ ಇಲ್ಲ, ಇಂಜೆಕ್ಷನ್ನೂ ಇಲ್ಲ. ಗಾಡಿ ಸಾಮಾನ್ಯವಾಗಿ ಸ್ವಿಚ್ ಆರಿಸಿದ ಹಾಗೆ ಒಂದೇ ಸಲ ನಿಲ್ಲುತ್ತದೆ. ಮೊದಲು ಸೊರಗಿ, ಜಗ್ಗಿ, ಆಮೇಲೆ ನಿಂತರೆ ಅನುಮಾನ ಪೆಟ್ರೋಲಿನ ಕಡೆ ಹೋಗಬೇಕು. ಸ್ಪಾರ್ಕ್ ಇದೆ, ಒತ್ತಡ ಇಲ್ಲ. ಇಗ್ನಿಷನ್ ಕಡೆಯ ಚರ್ಚೆ ಅಲ್ಲಿಗೆ ಮುಗಿಯಿತು.

ಕರೆಂಟಿನ ತೊಂದರೆಯಾ, ಪಂಪಿನದಾ?

ಈಗ ಪಂಪ್ ಆರ್ಡರ್ ಮಾಡಿಬಿಡಬಹುದಿತ್ತು. ಹುಡುಗನಿಗೂ ಅದೇ ಆತುರ. ಆದರೆ ಅವನೇ ಬರೆದುಕೊಂಡಿದ್ದ ಚೀಟಿಯಲ್ಲಿ ಇನ್ನೊಂದು ಸಾಲು ಇತ್ತು: ಗಾಡಿ ಜಗ್ಗುವ ಹೊತ್ತಿಗೆ ಬ್ಯಾಟರಿಯಲ್ಲಿ 13.9 ವೋಲ್ಟ್, ಪಂಪಿನ ಕಪ್ಲರಿನಲ್ಲಿ 11.2. ದಾರಿಯಲ್ಲಿ 2.7 ವೋಲ್ಟ್ ಕಳೆದುಹೋಗಿತ್ತು. ಅರ್ಧ ವೋಲ್ಟಿನ ತನಕ ಹೋದರೆ ಒಪ್ಪಬಹುದು. ಇದು ತುಂಬಾ ಜಾಸ್ತಿ. ಡಿಸಿ ಮೋಟಾರಿಗೆ ವೋಲ್ಟೇಜ್ ಇಳಿದರೆ ವೇಗ ಇಳಿಯುತ್ತದೆ, ವೇಗ ಇಳಿದರೆ ಪೆಟ್ರೋಲ್ ಕಡಿಮೆ.

ಗ್ಯಾರೇಜಿಗೆ ಬಂದು ಆ 2.7 ಎಲ್ಲಿ ಹೋಗುತ್ತಿದೆ ಎಂದು ಹುಡುಕಿದೆವು. ಪಂಪ್ ಓಡುತ್ತಿರುವಾಗಲೇ ಅಳೆಯಬೇಕು. ಕಪ್ಲರ್ ಬಿಚ್ಚಿ ಅಳೆದರೆ ಕರೆಂಟ್ ಹರಿಯುವುದಿಲ್ಲ, ಮೀಟರಿನಲ್ಲಿ ಪೂರ್ತಿ ವೋಲ್ಟೇಜ್ ಕಂಡು ಮೋಸ ಹೋಗುತ್ತೇವೆ. ಪಾಸಿಟಿವ್ ಕಡೆ 1.6 ವೋಲ್ಟ್ ಹೋಗುತ್ತಿತ್ತು, ಅರ್ಥ್ ಕಡೆ 1.1. ರಿಲೇ ಬಿಚ್ಚಿದರೆ ಅದರ ಪಾಯಿಂಟುಗಳು ಕಪ್ಪಗಾಗಿದ್ದವು. ಸೀಟಿನ ಕೆಳಗಿನ ಕಪ್ಲರಿನ ಬಿಳಿ ಪ್ಲಾಸ್ಟಿಕ್ಕು ಒಂದು ಪಿನ್ನಿನ ಸುತ್ತ ಮಾತ್ರ ಕಂದು ಬಣ್ಣಕ್ಕೆ ತಿರುಗಿತ್ತು. ಅರ್ಥ್ ಬೋಲ್ಟ್ ಇದ್ದದ್ದು ಕಾರ್ಪೆಟ್ ಕೆಳಗೆ. ಮಲೆನಾಡಿನ ಮಳೆಗಾಲದ ಒದ್ದೆ ಕಾಲು, ಒದ್ದೆ ಕೊಡೆ ಎಲ್ಲ ಕಂಡ ಕಾರ್ಪೆಟ್ ಅದು. ಬೋಲ್ಟಿನ ಕೆಳಗೆ ತುಕ್ಕು ಹಿಡಿದಿತ್ತು.

ಇಲ್ಲಿ ಮೇಷ್ಟ್ರು ಸಹಜವಾದ ಪ್ರಶ್ನೆ ಕೇಳಿದರು. "ಹಾಗಾದರೆ ವೈರಿಂಗ್ ಮಾತ್ರ ಸರಿ ಮಾಡಿ ಬಿಡಬಹುದಲ್ವಾ? ಪಂಪ್ ಯಾಕೆ?"

ಅದಕ್ಕೆ ಉತ್ತರ ಬಾಯಲ್ಲಿ ಹೇಳುವುದಕ್ಕಿಂತ ಗೇಜಿನಲ್ಲಿ ತೋರಿಸುವುದು ವಾಸಿ. ಪಂಪಿಗೆ ಬ್ಯಾಟರಿಯಿಂದಲೇ ನೇರ ವೈರ್ ಕೊಟ್ಟೆವು, ನಡುವೆ 15 ಆಂಪಿಯರಿನ ಫ್ಯೂಸ್. ಇದರಲ್ಲಿ ಒಂದು ಎಚ್ಚರ ಬೇಕು: ಕಪ್ಲರಿನ ಕಡೆ ಮೊದಲು ಜೋಡಿಸಿ, ಬ್ಯಾಟರಿ ಕಡೆ ಕೊನೆಗೆ ಮುಟ್ಟಿಸಬೇಕು. ಕಿಡಿ ಹಾರುವುದಿದ್ದರೆ ಟ್ಯಾಂಕಿನಿಂದ ದೂರ, ಮುಂದೆ ಹಾರಲಿ. ಗಾಡಿ ಬಿಸಿಯಾಗಿದ್ದಾಗ ರಿಟರ್ನ್ ಲೈನಿನ ರಬ್ಬರ್ ಹೋಸನ್ನು ಒಂದು ಕ್ಷಣ ಮಾತ್ರ ಮೆಲ್ಲಗೆ ಅದುಮಿ ಹಿಡಿದೆವು. ಪೆಟ್ರೋಲಿಗೆ ವಾಪಸ್ ಹೋಗಲು ದಾರಿ ಇಲ್ಲದಾಗ ಗಟ್ಟಿ ಪಂಪ್ 4.5 ಕೆಜಿ ದಾಟಿ ಜಿಗಿಯುತ್ತದೆ. ಹಳೇ ವೈರಿಂಗಿನಲ್ಲಿ ಇದು 3ಕ್ಕೆ ನಿಂತಿತ್ತು. ನೇರ ಕರೆಂಟ್ ಕೊಟ್ಟಾಗ 3.4. ಸುಧಾರಿಸಿತು, ಆದರೆ ಸಾಲದು. ಕ್ಲ್ಯಾಂಪ್ ಮೀಟರಿನಲ್ಲಿ ಕರೆಂಟ್ 7 ಆಂಪಿಯರ್ ಹತ್ತಿರ ಇತ್ತು. ಇಷ್ಟು ಸಣ್ಣ ಗಾಡಿಯ ಪಂಪಿಗೆ 4-5 ಸಾಕು. ಜಾಸ್ತಿ ಕರೆಂಟ್ ಎಳೆದು ಕಡಿಮೆ ಕೆಲಸ ಮಾಡುತ್ತಿದೆ ಎಂದರೆ ಒಳಗೆ ಏನೋ ಒದ್ದಾಡುತ್ತಿದೆ.

ಇದೇ ಪರೀಕ್ಷೆಯಿಂದ ರೆಗ್ಯುಲೇಟರಿನ ಅನುಮಾನವೂ ಹೋಯಿತು. ರೆಗ್ಯುಲೇಟರ್ ಕೆಟ್ಟು ಪೆಟ್ರೋಲನ್ನು ಸುಮ್ನೆ ವಾಪಸ್ ಬಿಡುತ್ತಿದ್ದರೆ, ರಿಟರ್ನ್ ಅದುಮಿದ ಕೂಡಲೇ ಒತ್ತಡ ಜಿಗಿಯಬೇಕಿತ್ತು.

ಹಾಗಾಗಿ ಎರಡೂ ನಿಜ. ವೈರಿಂಗ್ ಕೆಟ್ಟಿದೆ, ಪಂಪೂ ಕೆಟ್ಟಿದೆ. ಒಂದು ಇನ್ನೊಂದನ್ನು ಕೆಡಿಸಿದೆ ಕೂಡ. ಒದ್ದಾಡುವ ಪಂಪ್ ಜಾಸ್ತಿ ಕರೆಂಟ್ ಎಳೆದು ಪಿನ್ನನ್ನು ಸುಟ್ಟಿತು. ಸುಟ್ಟ ಪಿನ್ನು ವೋಲ್ಟೇಜ್ ತಿಂದು ಪಂಪನ್ನು ಇನ್ನೂ ನಿಧಾನ ಮಾಡಿತು. ಯಾವುದು ಮೊದಲು ಎಂದು ತಿಳಿಯಲು ಟ್ಯಾಂಕ್ ತೆರೆಯಬೇಕಿತ್ತು.

ಟ್ಯಾಂಕಿನೊಳಗೆ

ಈ ಗಾಡಿಯಲ್ಲಿ ಹಿಂದಿನ ಸೀಟು ಎತ್ತಿದರೆ ಪಂಪಿನ ಮುಚ್ಚಳ ಸಿಗುತ್ತದೆ. ಕೆಲವು ಗಾಡಿಗಳಲ್ಲಿ ಟ್ಯಾಂಕನ್ನೇ ಕೆಳಗೆ ಇಳಿಸಬೇಕು. ಮೊದಲು ಪಂಪಿನ ಫ್ಯೂಸ್ ತೆಗೆದು ಎಂಜಿನ್ ತಾನಾಗಿ ಆರುವವರೆಗೆ ಓಡಿಸಿ ಲೈನಿನ ಒತ್ತಡ ಕಳೆದೆವು. ಆಮೇಲೆ ಬ್ಯಾಟರಿಯ ನೆಗೆಟಿವ್ ಬಿಚ್ಚಿದೆವು. ಗಾಡಿಯನ್ನು ಪಿಟ್ ಮೇಲೆ ನಿಲ್ಲಿಸಲಿಲ್ಲ, ಅಂಗಳಕ್ಕೆ ತಂದೆವು. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ಪಿಟ್ಟಿನಲ್ಲಿ ಇಳಿದು ಕೂರುತ್ತದೆ. ವೈರಿನ ಬಲ್ಬು, ಬೀಡಿ, ಫೋನಿನ ಚಾರ್ಜರು ಎಲ್ಲ ದೂರ. ಮುಚ್ಚಳದ ರಿಂಗ್ ಬಿಡಿಸಲು ಕಬ್ಬಿಣದ ಉಳಿ ಬೇಡ. ಮರದ ತುಂಡೋ ಹಿತ್ತಾಳೆ ಸರಳೋ ಇಟ್ಟು ತಟ್ಟಬೇಕು.

ಪಂಪ್ ಹೊರಗೆ ಬಂದಾಗ ಕಂಡದ್ದು ಸ್ವಾರಸ್ಯವಾಗಿತ್ತು. ಮೋಟಾರಿನ ಮೈ ಇನ್ನೂ ಹೊಳೆಯುತ್ತಿತ್ತು. ಹೆಸರು, ನಂಬರು ಯಾವುದೂ ಇಲ್ಲದ ಮಾಲು. ಅದರ ಬಾಯಿಗೆ ಹಾಕಿದ್ದ ಜಾಲರಿ ಚೀಲ ಮಾತ್ರ ಹಳೇ ಕಾಲದ್ದು. ಬಿಳಿ ಇರಬೇಕಾದ್ದು ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿ ಬಿರುಸಾಗಿತ್ತು. ಬೆರಳಲ್ಲಿ ಹಿಂಡಿದರೆ ಕೆಂಪು ಕೆಸರು ಬಂತು. ಎರಡು ವರ್ಷದ ಹಿಂದೆ ಮೋಟಾರ್ ಮಾತ್ರ ಬದಲಾಯಿಸಿ, ಹಳೇ ಜಾಲರಿಯನ್ನು ಗಾಳಿ ಹೊಡೆದು ವಾಪಸ್ ಹಾಕಿದ್ದರು. ಎಳನೀರು ಕುಡಿಯುವಾಗ ಸ್ಟ್ರಾಗೆ ಗಂಜಿ ಸಿಕ್ಕಿಕೊಂಡ ಹಾಗೆ, ಹೊಸ ಮೋಟಾರ್ ಮೊದಲ ದಿನದಿಂದಲೇ ಕಷ್ಟಪಟ್ಟು ಎಳೆಯುತ್ತಿತ್ತು.

ಟಾರ್ಚ್ ಬಿಟ್ಟು ನೋಡಿದರೆ ಟ್ಯಾಂಕಿನ ತಳದಲ್ಲಿ ತುಕ್ಕಿನ ಹುಡಿ, ಮೂಲೆಯಲ್ಲಿ ನೀರಿನ ಒಂದೆರಡು ಗುಳ್ಳೆ. ತಗಡಿನ ಟ್ಯಾಂಕ್, ಸದಾ ಮುಕ್ಕಾಲು ಖಾಲಿ, ಮಲೆನಾಡಿನ ಥಂಡಿ. ಖಾಲಿ ಜಾಗದ ಗಾಳಿಯಲ್ಲಿನ ತೇವ ರಾತ್ರಿ ತಗಡಿಗೆ ತಾಗಿ ನೀರಾಗುತ್ತದೆ. ಪೆಟ್ರೋಲಿಗಿಂತ ಭಾರವಾದ್ದರಿಂದ ತಳಕ್ಕೆ ಇಳಿದು ತುಕ್ಕು ಹಿಡಿಸುತ್ತದೆ. ಪೆಟ್ರೋಲ್ ಹಾಕುವ ಬಾಯಿಯ ಮುಚ್ಚಳದ ರಬ್ಬರೂ ಒಣಗಿ ಸೀಳಿತ್ತು. ಬಂಕ್ ದೂರ ಎಂದು ಕೆಲವು ಸಲ ಅಂಗಡಿಯಿಂದ ಬಾಟಲಿ ಪೆಟ್ರೋಲ್ ಹಾಕಿದ್ದೂ ಉಂಟಂತೆ. ಆ ಬಾಟಲಿಯಲ್ಲಿ ಮುಂಚೆ ಏನಿತ್ತೋ ದೇವರೇ ಬಲ್ಲ.

"ಎಲ್ಲಾ ಈ ಎಥೆನಾಲ್ ಪೆಟ್ರೋಲಿನಿಂದ" ಎಂದು ಪಕ್ಕದಲ್ಲಿ ನಿಂತವರೊಬ್ಬರು ತೀರ್ಪು ಕೊಟ್ಟರು. ಈಗ ಯಾವ ಹಳೇ ಗಾಡಿ ನಿಂತರೂ ಬರುವ ಮಾತಿದು. ಶೇಕಡಾ 20 ಎಥೆನಾಲ್ ಬೆರೆಸಿದ ಇ20 ಪೆಟ್ರೋಲನ್ನು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆ ಮಾಡಿದ್ದು. ಹಳೇ ಗಾಡಿಯ ರಬ್ಬರನ್ನು ಅದಕ್ಕೆಂದು ಮಾಡಿದ್ದಲ್ಲ, ನಿಜ. ಎಥೆನಾಲ್ ನೀರನ್ನು ಎಳೆದುಕೊಳ್ಳುತ್ತದೆ, ಟ್ಯಾಂಕಿಗೆ ಅಂಟಿದ ಹಳೇ ಜಿಡ್ಡನ್ನು ಬಿಡಿಸಿ ಜಾಲರಿಗೆ ತರುತ್ತದೆ, ಅದೂ ನಿಜ. ಆದರೆ ಇಲ್ಲಿ ತುಕ್ಕು ಹಿಡಿದದ್ದು ತಗಡು, ವಾಪಸ್ ಹಾಕಿದ್ದು ಹಳೇ ಜಾಲರಿ. ಎಥೆನಾಲ್ ಕೈ ಸೇರಿಸಿರಬಹುದು. ಪೂರ್ತಿ ತಪ್ಪನ್ನು ಅದರ ತಲೆಗೆ ಕಟ್ಟಲು ನನ್ನ ಕೈಯಲ್ಲಿ ಸಾಕ್ಷಿ ಇರಲಿಲ್ಲ.

ಪೆಟ್ರೋಲ್ ಕಡಿಮೆ ಇಟ್ಟುಕೊಳ್ಳುವುದರ ಇನ್ನೊಂದು ಪೆಟ್ಟೂ ಇಲ್ಲೇ ಬರುತ್ತದೆ. ಟ್ಯಾಂಕಿನೊಳಗಿನ ಪಂಪಿಗೆ ಪೆಟ್ರೋಲೇ ತಂಪು. ರಿಟರ್ನ್ ಲೈನಿನಲ್ಲಿ ವಾಪಸ್ ಬರುವ ಪೆಟ್ರೋಲ್ ಎಂಜಿನ್ ಬಿಸಿ ಹೊತ್ತು ತರುತ್ತದೆ. ಟ್ಯಾಂಕಿನಲ್ಲಿ ಐದು ಲೀಟರ್ ಇದ್ದರೆ ಅದು ಬೇಗ ಕಾಯುತ್ತದೆ, ಮೂವತ್ತು ಲೀಟರ್ ಇದ್ದರೆ ಅಷ್ಟು ಬೇಗ ಕಾಯುವುದಿಲ್ಲ. ಬಿಸಿ ಪೆಟ್ರೋಲನ್ನು ಕಟ್ಟಿದ ಜಾಲರಿಯಿಂದ ಬಲವಾಗಿ ಎಳೆದರೆ ಅಲ್ಲೇ ಆವಿಯ ಗುಳ್ಳೆ ಏಳುತ್ತದೆ. ಪಂಪಿಗೆ ಗುಳ್ಳೆ ತಳ್ಳಲು ಬರುವುದಿಲ್ಲ. ಘಾಟಿಯಲ್ಲೇ ಯಾಕೆ, ಮಧ್ಯಾಹ್ನವೇ ಯಾಕೆ, ಅರ್ಧ ಗಂಟೆ ಬಿಟ್ಟರೆ ಯಾಕೆ ಸರಿಯಾಗುತ್ತದೆ, ಈ ಮೂರಕ್ಕೂ ಉತ್ತರ ಇದೇ.

ಟ್ಯಾಂಕ್ ಇಳಿಸುವುದಾ ಬೇಡವಾ

ನನ್ನ ಪ್ರಕಾರ ಇಡೀ ಕೆಲಸದ ದೊಡ್ಡ ತೀರ್ಮಾನ ಇದು. ಮೇಷ್ಟ್ರಿಗೆ ಭಾನುವಾರ ಗಾಡಿ ಬೇಕಿತ್ತು. ಹೊಸ ಪಂಪ್ ಕೂರಿಸಿ ಮುಚ್ಚಳ ಹಾಕಿದರೆ ಸಂಜೆಯೊಳಗೆ ಗಾಡಿ ರೆಡಿ. ಘಾಟಿಯನ್ನೂ ಹತ್ತುತ್ತಿತ್ತು. ತಳದ ಹುಡಿ ಹೊಸ ಜಾಲರಿಗೆ ಕಟ್ಟುವ ತನಕ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಅವರಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. "ಮೇಷ್ಟ್ರೇ, ಇವತ್ತೇ ಬೇಕಾದರೆ ಇವತ್ತೇ ಕೊಡ್ತೀನಿ. ಆದರೆ ಈ ಪಂಪಿಗೆ ಗ್ಯಾರಂಟಿ ಕೇಳಬೇಡಿ." ಅವರು ಟಾರ್ಚ್ ತೆಗೆದುಕೊಂಡು ತಾವೇ ಬಗ್ಗಿ ಟ್ಯಾಂಕಿನೊಳಗೆ ನೋಡಿದರು. "ಇಳಿಸಪ್ಪಾ. ಭಾನುವಾರ ಬಸ್ಸಿಗೆ ಹೋಗ್ತೀನಿ" ಅಂದರು.

ಉಳಿದ ಪೆಟ್ರೋಲನ್ನು ಕೈ ಪಂಪಿನಿಂದ ತಗಡಿನ ಕ್ಯಾನಿಗೆ ತೆಗೆದು, ಟ್ಯಾಂಕ್ ಇಳಿಸಿ, ಸೋಪಿನ ನೀರಿನಲ್ಲಿ ಕುಲುಕಿ ಕುಲುಕಿ ತೊಳೆದೆವು. ನೀರು ತಿಳಿಯಾದ ಮೇಲೆ ಗಾಳಿ ಹೊಡೆದು, ಬಿಸಿಲಿಗಿಟ್ಟು ಪೂರ್ತಿ ಒಣಗಿಸಿದೆವು. ಪುಣ್ಯಕ್ಕೆ ತೂತು ಬಿದ್ದಿರಲಿಲ್ಲ. ಬಿದ್ದಿದ್ದರೆ ಬೇರೆ ಟ್ಯಾಂಕ್ ಹುಡುಕುತ್ತಿದ್ದೆನೇ ಹೊರತು ವೆಲ್ಡಿಂಗ್ ಅಂಗಡಿಗೆ ಕಳಿಸುತ್ತಿರಲಿಲ್ಲ. ಖಾಲಿ ಪೆಟ್ರೋಲ್ ಟ್ಯಾಂಕ್ ತುಂಬಿದ ಟ್ಯಾಂಕಿಗಿಂತ ಅಪಾಯ. ಒಳಗೆ ಪೇಂಟ್ ಹಾಗೆ ಬಳಿಯುವ ಲೇಪನವೂ ಬೇಡ ಎಂದೆ. ಸರಿಯಾಗಿ ಅಂಟದಿದ್ದರೆ ಮುಂದೊಂದು ದಿನ ಅದೇ ಹಕ್ಕಳೆ ಎದ್ದು ಜಾಲರಿಗೆ ಬರುತ್ತದೆ.

ಭಾಗ ತರಿಸುವ ವಿಷಯದಲ್ಲಿ ಮೂರು ದಾರಿ ಇದ್ದವು. ಗುಜರಿಯಿಂದ ಹಳೇ ಪಂಪ್ ತರುವುದನ್ನು ಮೊದಲೇ ಬಿಟ್ಟೆವು. ಮೋಟಾರ್ ಮಾತ್ರ ತಂದರೆ ಅಗ್ಗ. ಆದರೆ ಹಳೇ ಹೋಲ್ಡರು, ಬಿರುಸಾದ ಒಳಹೋಸು, ಸುಟ್ಟ ಪಿನ್ನು ಹಾಗೇ ಉಳಿಯುತ್ತವೆ. ಕೊನೆಗೆ ಗಾಡಿ ಬಿಡಿಭಾಗದ ಅಂಗಡಿಗಳಿರುವ ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಪೂರ್ತಿ ಅಸೆಂಬ್ಲಿಯನ್ನೇ ತರಿಸಿದೆವು. ಜಾಲರಿ, ಒಳಹೋಸು, ಕಪ್ಲರು, ಮೇಲಿನ ರಬ್ಬರ್ ರಿಂಗ್ ಎಲ್ಲ ಹೊಸದು. ಬಿಲ್, ಬ್ಯಾಚ್ ನಂಬರು ಎರಡೂ ಇರುವ ಮಾಲೇ ಬೇಕೆಂದು ಹೇಳಿದ್ದೆ.

ಒಳಹೋಸಿನ ಬಗ್ಗೆ ಒಂದು ಮಾತು, ಯಾಕೆಂದರೆ ಮೋಟಾರ್ ಮಾತ್ರ ಬದಲಾಯಿಸುವವರು ಇಲ್ಲೇ ಎಡವುತ್ತಾರೆ. ಹೊರಗೆ ಹಾಕುವ ಪೆಟ್ರೋಲ್ ಹೋಸು ಒಳಗಿನಿಂದ ಮಾತ್ರ ಪೆಟ್ರೋಲ್ ತಡೆಯುತ್ತದೆ. ಟ್ಯಾಂಕಿನಲ್ಲಿ ಮುಳುಗಿಸಿಟ್ಟರೆ ಹೊರಮೈ ಊದಿ ಮೆತ್ತಗಾಗುತ್ತದೆ. ಮುಳುಗಿಸಿಡಲೆಂದೇ ಮಾಡಿದ ಹೋಸು ಬೇರೆ, ಬೆಲೆಯೂ ಜಾಸ್ತಿ. ಒಳಹೋಸು ಸೀಳಿದರೆ ಒತ್ತಡ ಟ್ಯಾಂಕಿನೊಳಗೇ ಸೋರುತ್ತದೆ. ಹೊರಗೆ ಒಂದು ಹನಿಯೂ ಕಾಣುವುದಿಲ್ಲ, ಒಳ್ಳೆ ಪಂಪನ್ನೇ ಕೆಟ್ಟಿದೆ ಎಂದು ಎಸೆಯುತ್ತೇವೆ.

ವೈರಿಂಗಿಗೆ ಹೊಸ ರಿಲೇ, ಹೊಸ ಪಿನ್ನು. ಅರ್ಥ್ ಬೋಲ್ಟಿನ ಜಾಗವನ್ನು ಬೆಳ್ಳಗಾಗುವ ತನಕ ಉಜ್ಜಿ ಗ್ರೀಸ್ ಹಚ್ಚಿ ಬಿಗಿದೆವು. ಲೈನ್ ಫಿಲ್ಟರ್, ಟ್ಯಾಂಕ್ ಮುಚ್ಚಳ ಹೊಸದು. ಜೋಡಿಸುವಾಗ ಪೆಟ್ರೋಲ್ ಮಟ್ಟ ತೋರಿಸುವ ಗೇಜಿನ ತೇಲುಬುರುಡೆಯ ಕಡ್ಡಿ ಬಾಗದ ಹಾಗೆ ಓರೆ ಮಾಡಿ ಇಳಿಸಬೇಕು. ಅದು ಬಾಗಿದರೆ ಗಾಡಿ ಸರಿಯಾಗಿ ಓಡಿದರೂ ಪೆಟ್ರೋಲ್ ಮುಳ್ಳು ಸುಳ್ಳು ಹೇಳುತ್ತದೆ, ಮಾಲೀಕರು ಮರುದಿನವೇ ವಾಪಸ್ ಬರುತ್ತಾರೆ.

ಆಮೇಲೆ

ಎಂಜಿನ್ ಓಡುವಾಗ ಪಂಪಿನಲ್ಲಿ ಈಗ 13.5 ವೋಲ್ಟ್. ರಿಟರ್ನ್ ಅದುಮಿದರೆ ಮುಳ್ಳು 4.5 ದಾಟಿತು. ಕೀ ಆಫ್ ಮಾಡಿ ಊಟ ಮುಗಿಸಿ ಬಂದರೂ ಲೈನಿನಲ್ಲಿ 2ಕ್ಕಿಂತ ಜಾಸ್ತಿ ಒತ್ತಡ ನಿಂತಿತ್ತು. ಅಂದರೆ ಇಂಜೆಕ್ಟರ್, ರೆಗ್ಯುಲೇಟರ್ ಸೋರುತ್ತಿಲ್ಲ, ಸೋರುತ್ತಿದ್ದದ್ದು ಹಳೇ ಪಂಪಿನ ವಾಲ್ವೇ. ಗೇಜನ್ನು ಮತ್ತೆ ವೈಪರಿಗೆ ಸಿಕ್ಕಿಸಿ, ಅದೇ ಮಧ್ಯಾಹ್ನದ ಬಿಸಿಲಿನಲ್ಲಿ, ಅಷ್ಟೇ ಕಡಿಮೆ ಪೆಟ್ರೋಲಿನಲ್ಲಿ ಅದೇ ಘಾಟಿ ಹತ್ತಿದೆವು. ತುಳಿದಾಗೆಲ್ಲ 2.9, ಕೊನೆಯ ತಿರುವಿನ ತನಕ.

ಹಳೇ ಮೋಟಾರನ್ನು ಹ್ಯಾಕ್ಸಾದಲ್ಲಿ ಕೊಯ್ದು ಹುಡುಗರಿಗೆ ತೋರಿಸಿದೆ. ಒಂದು ಕಾರ್ಬನ್ ಬ್ರಷ್ ಸವೆದು ಚೂರು ಉಳಿದಿತ್ತು. ಬ್ರಷ್ ತಾಗುವ ಕಮ್ಯುಟೇಟರಿನ ತಾಮ್ರದ ಮೇಲೆ ಉಗುರು ಸಿಕ್ಕುವಷ್ಟು ಆಳದ ಗೆರೆ. ಪೆಟ್ರೋಲ್ ತಳ್ಳುವ ಚಕ್ರದ ಅಂಚು ಒರಟಾಗಿತ್ತು. ಜಾಲರಿ ತಡೆಯಲಾಗದಷ್ಟು ಸಣ್ಣ ತುಕ್ಕಿನ ಹುಡಿ ಒಳಗೆ ಹೋಗಿ ಮರಳು ಕಾಗದದ ಕೆಲಸ ಮಾಡಿತ್ತು.

ಒಟ್ಟು ಬಿಲ್ 9 ಸಾವಿರದ ಆಸುಪಾಸು ಆಯಿತು. ಅದರಲ್ಲಿ ಪಂಪ್ ಅಸೆಂಬ್ಲಿ ಅರ್ಧದಷ್ಟು. ಒಂದು ಸಾವಿರ ಕಿಲೋಮೀಟರ್ ಓಡಿದ ಮೇಲೆ ಲೈನ್ ಫಿಲ್ಟರ್ ಇನ್ನೊಮ್ಮೆ ಬದಲಾಯಿಸಲು ಕರೆದಿದ್ದೆ. ಹಳೇ ಫಿಲ್ಟರನ್ನು ಬಿಳಿ ಬಟ್ಟಲಿಗೆ ಬಗ್ಗಿಸಿದರೆ ಸ್ವಲ್ಪ ಕೆಂಪು ಬಂತು. ತೊಳೆದರೂ ಸಂದಿಯಲ್ಲಿ ಉಳಿದದ್ದು ಇರುತ್ತದೆ. ಮಳೆಗಾಲ ಮುಗಿದ ಮೇಲೆ ತೆಗೆದ ಫಿಲ್ಟರಿನಲ್ಲಿ ಅದೂ ಇರಲಿಲ್ಲ. ಮೇಷ್ಟ್ರು ಈಗ ಅರ್ಧ ಟ್ಯಾಂಕಿಗಿಂತ ಇಳಿಯಲು ಬಿಡುವುದಿಲ್ಲ. ಬೆಳಿಗ್ಗೆ ಮಾತ್ರ ಈಗಲೂ ಕೀ ಎರಡು ಸಲ ತಿರುಗಿಸುತ್ತಾರೆ. ಬೇಕಿಲ್ಲ ಎಂದು ಹೇಳಿದ್ದೇನೆ, ಕೈ ಕೇಳುವುದಿಲ್ಲವಂತೆ.

ನಿಮ್ಮ ಗಾಡಿಗೆ ಹೊಂದಿಸುವ ಮುಂಚೆ

ಈ ಅಂಕಿಗಳನ್ನು ಹಾಗೇ ಎತ್ತಿ ಬೇರೆ ಗಾಡಿಗೆ ಹಾಕಬೇಡಿ. ನಿಮ್ಮ ಗಾಡಿಯ ಮ್ಯಾನುಯಲ್ಲಿನಲ್ಲಿರುವ ಒತ್ತಡವೇ ಪ್ರಮಾಣ. ಹೆಚ್ಚಿನ ಹೊಸ ಕಾರುಗಳಲ್ಲಿ ಎಂಜಿನ್ನಿನಿಂದ ವಾಪಸ್ ಬರುವ ರಿಟರ್ನ್ ಲೈನ್ ಇರುವುದಿಲ್ಲ, ರೆಗ್ಯುಲೇಟರ್ ಟ್ಯಾಂಕಿನೊಳಗೇ ಇರುತ್ತದೆ. ಅಲ್ಲಿ ಅದುಮಿ ನೋಡುವ ಪರೀಕ್ಷೆ ನಡೆಯುವುದಿಲ್ಲ, ತುಳಿದಾಗ ಒತ್ತಡ ಏರುವುದೂ ಇಲ್ಲ, ಒಂದೇ ಮಟ್ಟದಲ್ಲಿ ನಿಲ್ಲಬೇಕು. ಓಡುವಾಗ ಪಂಪಿನಲ್ಲಿ ಎಷ್ಟು ವೋಲ್ಟ್ ಸಿಗುತ್ತಿದೆ ಎಂದು ನೋಡುವುದು ಮಾತ್ರ ಅಲ್ಲೂ ನಡೆಯುತ್ತದೆ. ಮಲ್ಟಿಮೀಟರ್ ಇದ್ದರೆ ಸಾಕು, ಪಂಪ್ ಆರ್ಡರ್ ಮಾಡುವ ಮುಂಚೆ ಅದನ್ನು ಮಾಡಿ.

ಕಾರ್ಬ್ಯುರೇಟರ್ ಗಾಡಿಗಳ ಪಂಪ್ ಎಂಜಿನ್ ಪಕ್ಕದಲ್ಲಿ ಕ್ಯಾಮ್‌ನಿಂದ ನಡೆಯುವಂಥದ್ದು, ಅದರ ಕಥೆ ಬೇರೆ. ಡೀಸೆಲ್ ಕಾಮನ್ ರೈಲ್ ಗಾಡಿಯ ರೈಲಿಗಂತೂ ಈ ಗೇಜ್ ಹಚ್ಚಲೇಬೇಡಿ. ಅಲ್ಲಿನ ಒತ್ತಡ ಸಾವಿರ ಬಾರ್ ದಾಟುತ್ತದೆ. ಎಂಜಿನ್ ಓಡುವಾಗ ಲೈನ್ ಸಡಿಲಿಸಿದರೆ ಚಿಮ್ಮುವ ಡೀಸೆಲ್ ಚರ್ಮವನ್ನೇ ಸೀಳಿಕೊಂಡು ಒಳಗೆ ಹೋಗುತ್ತದೆ.